ಹದಿನಾರು ಕೊಡುತ್ತಿದ್ದ ಗಾಡಿ ಹನ್ನೊಂದಕ್ಕೆ ಇಳಿದ ಕತೆ

ನಮ್ಮ ಕಾರು ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಗಾಡಿ. ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಊರಿಗೆ ಹೋಗಿಬರುತ್ತೇವೆ, ಉಳಿದ ದಿನ ಪೇಟೆಯೊಳಗೆ ಓಡಾಟ. ಲೀಟರಿಗೆ 16-17 ಕಿಲೋಮೀಟರ್ ಆರಾಮಾಗಿ ಕೊಡುತ್ತಿತ್ತು. ಕಳೆದ ಮಳೆಗಾಲದಲ್ಲಿ ಯಾಕೋ ಟ್ಯಾಂಕ್ ಬೇಗ ಬೇಗ ಖಾಲಿಯಾಗೋಕೆ ಶುರುವಾಯಿತು.

ಮೊದಲು ಅನುಮಾನ ಬಂದಿದ್ದು ಬಂಕಿನ ಮೇಲೆ. ಎಲ್ಲರಿಗೂ ಅಲ್ಲೇ ಬರೋದು ಅಲ್ವಾ? ಪ್ರತಿ ಬಂಕಿನಲ್ಲೂ ಸರ್ಕಾರದ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರುತ್ತದೆ, ಗಿರಾಕಿ ಕೇಳಿದರೆ ಅದಕ್ಕೆ ಹಿಡಿದು ತೋರಿಸಬೇಕು. ಕೇಳಿದೆ. ಹುಡುಗ ಮುಖ ಗಂಟು ಹಾಕಿಕೊಂಡೇ ತಂದ. ಪೆಟ್ರೋಲ್ ಸರಿಯಾಗಿ ಗೆರೆಗೆ ಬಂದು ನಿಂತಿತು. ಸುಮ್ನೆ ದುಡ್ಡು ಕೊಟ್ಟು ಹೊರಟೆ.

ಆಮೇಲೆ ಪ್ಲಗ್ ಬದಲಾಯಿಸಿದೆ, ಏರ್ ಫಿಲ್ಟರ್ ಬದಲಾಯಿಸಿದೆ, ಯಾರೋ ಹೇಳಿದರು ಅಂತ ಟ್ಯಾಂಕಿಗೆ ಸುರಿಯುವ ಒಂದು ಬಾಟಲಿ ಔಷಧಿಯನ್ನೂ ತಂದು ಸುರಿದೆ. ಅದರಿಂದ ಏನಾಯಿತು ಅಂತ ಹೇಳೋಕೂ ಬರಲ್ಲ, ಯಾಕೆಂದರೆ ನಾನು ಲೆಕ್ಕವನ್ನೇ ಇಟ್ಟಿರಲಿಲ್ಲ. ಡ್ಯಾಶ್‌ಬೋರ್ಡಿನ ಕಡ್ಡಿಗಳನ್ನು ನೋಡಿ ಅಂದಾಜು ಹೊಡೆಯುತ್ತಿದ್ದೆ ಅಷ್ಟೆ.

ಕೊನೆಗೂ ಪುಸ್ತಕ ತೆಗೆದೆ. ಒಂದೇ ಬಂಕು, ಒಂದೇ ಪಂಪು, ಪ್ರತಿ ಸಲ ಫುಲ್ ಟ್ಯಾಂಕ್, ನಳಿಕೆ ಮೊದಲ ಸಲ ಕಟ್ ಆದ ಕೂಡಲೇ ಸಾಕು. ಅದಾದ ಮೇಲೆ "ರೌಂಡ್ ಫಿಗರ್ ಮಾಡ್ಲಾ ಸಾರ್" ಅಂದರೆ ಬೇಡ ಅನ್ನಬೇಕು, ಇಲ್ಲಾಂದ್ರೆ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಓಡಿಸಿದೆ. 330 ಕಿಲೋಮೀಟರ್ ಆದ ಮೇಲೆ ಮತ್ತೆ ಫುಲ್ ಮಾಡಿಸಿದಾಗ 28.4 ಲೀಟರ್ ಹಿಡಿಯಿತು. ಅಂದರೆ 11.6. ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು.

ಟೈರಿನ ಗಾಳಿ ಸರಿ ಇತ್ತು. ಒಂದು ದಿನ ಊರಿಂದ ಬಂದವನೇ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಮುಂದಿನ ಎಡಗಡೆಯದು ಮಾತ್ರ ಹಂಚಿನ ಥರ ಕಾದಿತ್ತು. ಕ್ಯಾಲಿಪರ್, ಅಂದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಭಾಗ, ಅದರ ಪಿನ್ ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಪಿನ್ ತೊಳೆಸಿ ಗ್ರೀಸ್ ಹಾಕಿಸಿದೆ. ಮುಂದಿನ ಟ್ಯಾಂಕಿಗೆ 12.2. ಖುಷಿಯೇನೋ ಆಯಿತು, ಆದರೆ ಕಳ್ಳ ಇನ್ನೂ ಒಳಗೇ ಇದ್ದ.

ಇನ್ನೊಂದು ಸುಳಿವು ಆಗಲೇ ಸಿಕ್ಕಿತ್ತು, ನಾನೇ ಗಮನ ಕೊಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಬೆಳಗಿನ ಜಾವ ಊರಿಂದ ಹೊರಟಾಗ ಹೀಟರ್ ಹಾಕಿದರೆ ಬರೀ ಉಗುರುಬೆಚ್ಚಗಿನ ಗಾಳಿ ಬರುತ್ತಿತ್ತು. ಹೆಂಡತಿ ಶಾಲು ಹೊದ್ದುಕೊಂಡೇ ಕೂತಿರುತ್ತಿದ್ದಳು. ಹಳೇ ಗಾಡಿ, ಇಷ್ಟೇ ಅಂದುಕೊಂಡೆ.

ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಓಬಿಡಿ ಸಾಕೆಟ್ ಇರುತ್ತದೆ, ಗಾಡಿಯ ಕಂಪ್ಯೂಟರಿನಲ್ಲಿರೋದನ್ನು ಓದೋಕೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಡಬ್ಬಿಯೊಂದನ್ನು ತಂಗಿಯ ಮಗ ಆನ್‌ಲೈನಿನಲ್ಲಿ ತರಿಸಿದ್ದ. "ಮಾವ, ಮೊಬೈಲಲ್ಲೇ ಎಲ್ಲಾ ಕಾಣುತ್ತೆ" ಅಂದ. ಎರರ್ ಕೋಡ್ ಏನೂ ಇರಲಿಲ್ಲ. ಆದರೆ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರು, ಎಷ್ಟು ಬಿಸಿ ಇದೆ ಅನ್ನೋ ಅಂಕಿ ಕಾಣುತ್ತಿತ್ತಲ್ಲ, ಅದನ್ನೇ ಅವನು ಓದುತ್ತಾ ಕೂತ. ಶಿವಮೊಗ್ಗದ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುವಾಗ 84 ಡಿಗ್ರಿ. ಗಾಜನೂರು ದಾಟಿ ರಸ್ತೆ ಖಾಲಿಯಾಗಿ 70ರ ವೇಗ ಹಿಡಿದ ಮೇಲೆ 76, 71, 66. ಮಂಡಗದ್ದೆ ಹತ್ತಿರ 61! ಓಡುತ್ತಿರುವ ಇಂಜಿನ್ 90ರ ಆಸುಪಾಸು ಇರಬೇಕು. ನನ್ನದು ಓಡಿದಷ್ಟೂ ತಣ್ಣಗಾಗುತ್ತಿತ್ತು. ನಮ್ಮ ಗಾಡಿಯಲ್ಲಿ ಬಿಸಿ ತೋರಿಸುವ ಮುಳ್ಳು ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ. ಆ ನೀಲಿ ದೀಪ ಇದಕ್ಕಿಂತ ಎಷ್ಟೋ ಮೊದಲೇ ಆರಿಹೋಗುತ್ತದೆ, ನನಗೆ ಗೊತ್ತಾಗೋದಾದರೂ ಹೇಗೆ?

ಆಗ ನೆನಪಾಯಿತು, ಏಪ್ರಿಲಿನಲ್ಲಿ ಒಮ್ಮೆ ದಾರಿಯಲ್ಲಿ ಕೆಂಪು ದೀಪ ಹತ್ತಿ, ಅಲ್ಲೇ ಸಿಕ್ಕ ಗ್ಯಾರೇಜಿಗೆ ಬಿಟ್ಟಿದ್ದೆ. "ವಾಲ್ವ್ ಜಾಮ್ ಆಗಿತ್ತು ಸಾರ್, ತೆಗೆದೇಬಿಟ್ಟಿದೀನಿ, ನಮ್ಮ ಕಡೆ ಬಿಸಿಲಿಗೆ ಅದೆಲ್ಲ ಬೇಡ" ಅಂದಿದ್ದ ಅಲ್ಲಿನ ಮೆಕ್ಯಾನಿಕ್. ಒಳ್ಳೆಯದೇ ಮಾಡಿದ ಅಂತ ಮೇಲೆ ನೂರು ರೂಪಾಯಿ ಕೊಟ್ಟು ಬಂದಿದ್ದೆ. ಅವನು ತೆಗೆದದ್ದು ಥರ್ಮೋಸ್ಟಾಟ್. ಇಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದ ಹಾಗೆ ತಡೆಯೋದೇ ಅದರ ಕೆಲಸ. ಅದಿಲ್ಲದಿದ್ದರೆ ನೀರು ಯಾವಾಗಲೂ ರೇಡಿಯೇಟರಿನಲ್ಲಿ ಸುತ್ತಿ ತಣ್ಣಗಾಗುತ್ತಲೇ ಇರುತ್ತದೆ. ಹೊರಗಿನ ಬಿಸಿಲು 38 ಇದ್ದರೂ ಅದು ಇಂಜಿನ್ನಿಗೆ ಚಳಿಯೇ, ಇಂಜಿನ್ನಿಗೆ ಬೇಕಾದ್ದು 90 ತಾನೆ.

ಹಳೇ ಸ್ಕೂಟರಿನಲ್ಲಿ ಬೆಳಿಗ್ಗೆ ಚೋಕ್ ಎಳೆದು ಹಾಗೇ ಮರೆತು ಆಫೀಸಿಗೆ ಹೋದರೆ ಏನಾಗುತ್ತಿತ್ತು ನೆನಪಿದೆಯಾ? ಪೆಟ್ರೋಲ್ ಸುಮ್ನೆ ಜಾಸ್ತಿ ಕುಡಿಯುತ್ತಿತ್ತು. ಇದೂ ಹಾಗೇ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೇಲಿಂದ ಆಯಿಲ್ ಗಟ್ಟಿಯಾಗೇ ಇರೋದರಿಂದ ಇಂಜಿನ್ ಎಳೆದಾಡೋದೂ ಜಾಸ್ತಿ.

ಹೊಸ ಥರ್ಮೋಸ್ಟಾಟ್‌ಗೆ 740 ರೂಪಾಯಿ. ಹಾಕಿಸೋ ಮುಂಚೆ ಅದು ಕೆಲಸ ಮಾಡುತ್ತಾ ನೋಡೋಣ ಅಂತ ಅಡುಗೆಮನೆಗೆ ತಂದೆ. ಹಿತ್ತಾಳೆ ಹೊಟ್ಟೆಯ, ಸ್ಪ್ರಿಂಗ್ ಇರುವ, ಅಂಗೈಯಗಲದ ಸಾಮಾನು. ಅಂಚಿನಲ್ಲಿ 82 ಅಂತ ಕೊರೆದಿದೆ, ಅಂದರೆ 82 ಡಿಗ್ರಿಗೆ ತೆರೆಯೋಕೆ ಶುರು. ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. ತಳದಲ್ಲಿ ಸಣ್ಣ ಗುಳ್ಳೆಗಳೆದ್ದವು, ವಾಲ್ವ್ ಅಲ್ಲಾಡಲಿಲ್ಲ. ನೀರು ಇನ್ನೇನು ಕುದಿಯಬೇಕು ಅನ್ನುವಾಗ ಮಧ್ಯದ ತಟ್ಟೆ ನಿಧಾನಕ್ಕೆ ಕೆಳಗಿಳಿದು ಬಾಯಿ ತೆರೆಯಿತು. ಒಳಗಿರುವ ಮೇಣ ಕರಗಿ ಹಿಗ್ಗಿ ತಳ್ಳುತ್ತದೆ, ವೈರು ಕರೆಂಟು ಏನೂ ಇಲ್ಲ. ಹೊರಗೆತ್ತಿದೆ, ಒಂದು ನಿಮಿಷದಲ್ಲಿ ಮತ್ತೆ ಮುಚ್ಚಿಕೊಂಡಿತು. ಇನ್ನೊಂದು ಸಲ ಮುಳುಗಿಸುವಷ್ಟರಲ್ಲಿ ಅಮ್ಮ ಬಂದರು. "ಅಯ್ಯೋ, ಕಾಫಿ ಪಾತ್ರೆಗೆ ಗಾಡಿ ಸಾಮಾನು ಹಾಕಿದೀಯಲ್ಲೋ!"

ಕೂಲೆಂಟ್, ಕೂಲಿ ಎಲ್ಲ ಸೇರಿ 1,900 ಆಯಿತು. ಅದಾದ ಮೇಲಿನ ಟ್ಯಾಂಕಿಗೆ 402 ಕಿಲೋಮೀಟರ್, 25.3 ಲೀಟರ್. 15.9. ಹಳೇ 17 ಬರಲಿಲ್ಲ. ಈಗ ಬಂಕಿನಲ್ಲಿ ಬರೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್, ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಅದಕ್ಕೆ ಯಾವ ಮೆಕ್ಯಾನಿಕ್ಕೂ ಏನೂ ಮಾಡೋಕಾಗಲ್ಲ.

ಮೊನ್ನೆ ಊರಿಗೆ ಹೋದಾಗ ಮಂಡಗದ್ದೆಯಲ್ಲಿ ಮೊಬೈಲ್ 89 ತೋರಿಸುತ್ತಿತ್ತು. ಹೆಂಡತಿ ಶಾಲು ತೆಗೆದು ಹಿಂದಿನ ಸೀಟಿಗೆ ಎಸೆದು, ಹೀಟರ್ ಸ್ವಲ್ಪ ಕಮ್ಮಿ ಮಾಡ್ರೀ ಅಂದಳು. ಅಮ್ಮನ ಕಾಫಿಗೆ ಹೊಸ ಪಾತ್ರೆ ಬಂದಿದೆ. ಹಳೇದು ಈಗ ನನ್ನ ಟೂಲ್ ಬಾಕ್ಸ್ ಪಕ್ಕದಲ್ಲಿದೆ.