ಮಿನಿ ಪ್ರೊಜೆಕ್ಟರ್ ಕೊಳ್ಳುವ ಮುಂಚೆ ಗೋಡೆ ಅಳೆಯಿರಿ

ಆನ್‌ಲೈನ್‌ನಲ್ಲಿ ಮಿನಿ ಪ್ರೊಜೆಕ್ಟರ್ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಮೂರು ಮಾತು: 9000 ಲ್ಯೂಮೆನ್ (ಬೆಳಕಿನ ಅಳತೆ), 4ಕೆ ಸಪೋರ್ಟ್, 200 ಇಂಚಿನ ಪರದೆ. ಮೂರನ್ನೂ ಪಕ್ಕಕ್ಕಿಡಿ. ಮನೆಗೂ ಪ್ರವಾಸಕ್ಕೂ ಒಂದೇ ಪ್ರೊಜೆಕ್ಟರ್ ಸಾಕು ಎನ್ನುವವರು ಕೇಳಿಕೊಳ್ಳಬೇಕಾದದ್ದು ಎರಡೇ ಪ್ರಶ್ನೆ. ನಮ್ಮ ಗೋಡೆಯ ಮೇಲೆ ನಿಜವಾಗಿ ಎಷ್ಟು ಬೆಳಕು ಬೀಳುತ್ತದೆ? ಕರೆಂಟ್ ಎಲ್ಲಿಂದ ಬರುತ್ತದೆ?

ಬೆಳಕಿಗೆ ನಂಬಬಹುದಾದ ಅಳತೆ, ಮಾನಕ ಸಂಸ್ಥೆಗಳ ಹೆಸರಿನ ಆನ್ಸಿ ಲ್ಯೂಮೆನ್ ಅಥವಾ ಐಎಸ್‌ಒ ಲ್ಯೂಮೆನ್. ಪೂರ್ತಿ ಬಿಳಿ ಚಿತ್ರವನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ಬೆಳಕನ್ನೂ ಅಳೆದು ಸರಾಸರಿ ತೆಗೆಯುವ ಕ್ರಮವಿದು. ಬರೀ 'ಲ್ಯೂಮೆನ್', 'ಎಲ್‌ಇಡಿ ಲ್ಯೂಮೆನ್', 'ಲಕ್ಸ್' ಎಂದು ಬರೆದಿದ್ದರೆ ಆ ಸಂಖ್ಯೆಗೆ ಬೆಲೆ ಕೊಡಬೇಡಿ. ಅನುಮಾನವಿದ್ದರೆ ಅಡಾಪ್ಟರ್ ಮೇಲಿನ ವ್ಯಾಟ್ ಓದಿ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಆ ಲೆಕ್ಕದಲ್ಲಿ 40 ವ್ಯಾಟ್ ಎಳೆಯುವ ಪ್ರೊಜೆಕ್ಟರ್‌ನೊಳಗಿನ ದೀಪ ನಾಲ್ಕು ಸಾವಿರದ ಆಚೆ ಹೋಗುವುದು ಕಷ್ಟ. ಅಗ್ಗದ ಎಲ್‌ಸಿಡಿ ಮಾದರಿಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚನ್ನು ಪೋಲರೈಸರ್ ಎಂಬ ಬೆಳಕು ಸೋಸುವ ಪದರ ನುಂಗುತ್ತದೆ, ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಬಣ್ಣದ ಫಿಲ್ಟರ್ ತಡೆಯುತ್ತದೆ, ಲೆನ್ಸಿನಲ್ಲಿ ಇನ್ನಷ್ಟು ಹೋಗುತ್ತದೆ. ಗೋಡೆ ತಲುಪುವುದು ಕೆಲವು ನೂರು ಲ್ಯೂಮೆನ್. 9000 ಎಲ್ಲಿಂದ ಬರಬೇಕು?

ಹಾಗಾದರೆ ಎಷ್ಟು ಸಾಕು? ಡಿಜಿಟಲ್ ಸಿನಿಮಾ ಮಂದಿರದ ಪರದೆಗೆ ಗೊತ್ತುಪಡಿಸಿದ ಪ್ರಕಾಶ 48 ನಿಟ್ಸ್ (ಪರದೆಯ ಹೊಳಪಿನ ಅಳತೆ). ಬಿಳಿ ಗೋಡೆಗೆ ಹೊಂದಿಸಿದರೆ ಚದರ ಮೀಟರಿಗೆ ಸುಮಾರು 150 ಲ್ಯೂಮೆನ್ ಬೇಕಾಗುತ್ತದೆ. ಮೂಲೆಯಿಂದ ಎದುರು ಮೂಲೆಗೆ 70 ಇಂಚಿನ ಚಿತ್ರದ ವಿಸ್ತೀರ್ಣ 1.35 ಚದರ ಮೀಟರ್, ಅದಕ್ಕೆ 200 ಆನ್ಸಿ ಲ್ಯೂಮೆನ್ ಸಾಕು. 100 ಇಂಚಿಗೆ ವಿಸ್ತೀರ್ಣ 2.76 ಚದರ ಮೀಟರ್, ಅಂದರೆ 400 ಬೇಕು. ಇದು ಕತ್ತಲೆ ಕೋಣೆಯ ಮಾತು. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಗೋಡೆಯ ಮೇಲೆ ಬೀಳುವ ಅದರ ಬೆಳಕೇ ಚಿತ್ರದ ಬೆಳಕಿಗೆ ಸರಿಸಮ ಬರುತ್ತದೆ, ಕಪ್ಪು ಬಣ್ಣವೆಲ್ಲ ಬೂದು ಬಣ್ಣವಾಗುತ್ತದೆ. ಐಪಿಎಲ್‌ನ ರಾತ್ರಿ 7.30ರ ಪಂದ್ಯ ದೀಪ ಆರಿಸಿ ಚೆನ್ನಾಗಿ ನೋಡಬಹುದು. ಮಧ್ಯಾಹ್ನ 3.30ರ ಪಂದ್ಯವನ್ನು ತೆಳು ಕರ್ಟನ್ ಎಳೆದ ಹಾಲ್‌ನಲ್ಲಿ ನೋಡುವ ಆಸೆಯಿದ್ದರೆ ಈ ಗಾತ್ರದ ಯಾವ ಪ್ರೊಜೆಕ್ಟರೂ ಆಗದು. ಟಿವಿಯನ್ನೇ ಹಾಕಿಕೊಳ್ಳಿ.

ಇನ್ನು ದೂರ. ಸಣ್ಣ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ) ಪ್ರೊಜೆಕ್ಟರ್‌ಗಳಲ್ಲಿ ಬಹುಪಾಲಿಗೆ ಥ್ರೋ ರೇಶಿಯೊ 1.2ರ ಆಸುಪಾಸು. ಚಿತ್ರದ ಅಗಲವನ್ನು ಇದರಿಂದ ಗುಣಿಸಿದರೆ ಪ್ರೊಜೆಕ್ಟರ್ ಎಷ್ಟು ದೂರವಿರಬೇಕೆಂದು ಸಿಗುತ್ತದೆ. 80 ಇಂಚಿನ ಚಿತ್ರದ ಅಗಲ 1.77 ಮೀಟರ್, ಹಾಗಾಗಿ ಗೋಡೆಯಿಂದ ಏಳು ಅಡಿ. 100 ಇಂಚಿಗೆ ಒಂಬತ್ತು ಅಡಿಗೆ ಸ್ವಲ್ಪ ಕಡಿಮೆ. ಹತ್ತಡಿ ಕೋಣೆಯಲ್ಲಿ ಮಂಚ, ಬೀರು ಎಲ್ಲ ಕಳೆದು ಉಳಿಯುವ ಜಾಗದಲ್ಲಿ 80 ಇಂಚೇ ಹದ.

ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿಡಿ. ಓರೆಯಾಗಿಟ್ಟರೆ ಆಟೋ ಕೀಸ್ಟೋನ್ ಚಿತ್ರವನ್ನು ಚೌಕಕ್ಕೆ ತರುತ್ತದೆ, ನಿಜ. ಅದು ಚಿತ್ರ ಮೂಡಿಸುವ ಚಿಪ್‌ನ ಅಂಚಿನ ಪಿಕ್ಸೆಲ್‌ಗಳನ್ನು ಖಾಲಿ ಬಿಟ್ಟು ಮಾಡುವ ಕೆಲಸ. ಅಗಲ, ಎತ್ತರ ಎರಡರಲ್ಲೂ ಶೇ 80 ಮಾತ್ರ ಬಳಕೆಯಾದರೆ ಉಳಿಯುವುದು ಶೇ 64 ಪಿಕ್ಸೆಲ್, ಬೆಳಕೂ ಅಷ್ಟೇ. 200 ಲ್ಯೂಮೆನ್ ಎಂದು ದುಡ್ಡು ಕೊಟ್ಟು ತಂದದ್ದು 128ಕ್ಕೆ ಇಳಿಯಿತು. ಕ್ಯಾಮೆರಾ ಟ್ರೈಪಾಡಿನ ಕಾಲಿಂಚಿನ ಸ್ಕ್ರೂ ಕೂರುವ ರಂಧ್ರ ತಳದಲ್ಲಿದೆಯೇ ನೋಡಿ. ಪ್ರವಾಸದಲ್ಲಿ ಅದಿಲ್ಲದೆ ಪುಸ್ತಕ, ಸೂಟ್‌ಕೇಸ್ ಪೇರಿಸುತ್ತ ಕೂರಬೇಕಾಗುತ್ತದೆ. ಮಲಗಿಕೊಂಡು ಚಾವಣಿ ಮೇಲೆ ಸಿನಿಮಾ ನೋಡುವ ಜಾಹೀರಾತು ಬಲು ಚೆಂದ, ಆದರೆ ನಮ್ಮ ಮನೆಗಳಲ್ಲಿ ಚಾವಣಿಯ ನಟ್ಟನಡುವೆ ಫ್ಯಾನ್ ಇರುತ್ತದೆ.

ಗೋಡೆ ಕ್ರೀಮ್ ಅಥವಾ ತಿಳಿಹಳದಿಯಾದರೆ ಮುಖಗಳೆಲ್ಲ ಹಳದಿಗಟ್ಟುತ್ತವೆ. ಹೊಳಪಿನ ಪೇಂಟ್ ಆದರೆ ನಡುವೆ ಬಿಳಿ ಮಚ್ಚೆ ಕಾಣುತ್ತದೆ. ಮನೆಗೆ ಮ್ಯಾಟ್ ಬಿಳಿ ಸ್ಕ್ರೀನ್ ಒಳ್ಳೆಯದು. ಪ್ರವಾಸಕ್ಕೆ ನಾನು ಹೇಳುವುದು ಎಂಟು ಮೊಳದ ಬಿಳಿ ಪಂಚೆ. ಉದ್ದ 3.66 ಮೀಟರ್, ಅಗಲ ಸಾಮಾನ್ಯವಾಗಿ 1.27 ಮೀಟರ್. ಒಂಟಿ ಪದರದಲ್ಲಿ ಬೆಳಕು ಹಿಂದಕ್ಕೆ ನುಸುಳಿ ಚಿತ್ರ ಮಂಕಾಗುತ್ತದೆ, ಆದ್ದರಿಂದ ನಡುವಿಗೆ ಮಡಚಿ ಇಬ್ಬಡಿ ಮಾಡಿ. ಆಗ ಅದು 1.83 ಮೀಟರ್ ಅಗಲದ ಪರದೆ. 80 ಇಂಚಿನ ಚಿತ್ರ ಅಂಚಿನಲ್ಲಿ ಮೂರು ಮೂರು ಸೆಂಟಿಮೀಟರ್ ಬಿಟ್ಟು ಸರಿಯಾಗಿ ಕೂರುತ್ತದೆ. ಜರಿ, ಬಣ್ಣದ ಅಂಚು ಸಣ್ಣದಿರಲಿ. ಇಸ್ತ್ರಿ ಮಾಡಿ ಸುತ್ತಿ ಒಯ್ಯಿರಿ, ಮಡಿಕೆಯ ಗೆರೆ ಚಿತ್ರದ ಮೇಲೂ ಕಾಣುತ್ತದೆ. ಮೇಲೆ ಹಗ್ಗಕ್ಕೆ ಕ್ಲಿಪ್ ಹಾಕಿ, ಕೆಳಗಿನ ಎರಡು ಮೂಲೆಗೂ ಭಾರ ಕಟ್ಟಿ ಎಳೆದರೆ ಗಾಳಿಗೆ ಅಲುಗುವುದಿಲ್ಲ.

ರೆಸಲ್ಯೂಶನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. '4ಕೆ ಸಪೋರ್ಟ್' ಅಂದರೆ 4ಕೆ ಫೈಲನ್ನು ಓದಿ ಇಳಿಸಿ ತೋರಿಸುತ್ತದೆ, ಅಷ್ಟೆ. 'ನೇಟಿವ್' (ಪ್ರೊಜೆಕ್ಟರ್ ನಿಜವಾಗಿ ಮೂಡಿಸುವ ಪಿಕ್ಸೆಲ್) ಎಂಬ ಸಾಲಿನಲ್ಲಿ 1920×1080 ಇರಲಿ. 854×480 ಇದ್ದರೆ ಕನ್ನಡ ಸಬ್‌ಟೈಟಲ್‌ನ ಒತ್ತಕ್ಷರಗಳು ಕಲಸಿಹೋಗುತ್ತವೆ.

ಪ್ರವಾಸಕ್ಕೆ ಕೊಳ್ಳುವವರು ಎಡವುವುದು ಕರೆಂಟಿನಲ್ಲಿ. ಪೋರ್ಟಬಲ್ ಅಂದ ಮಾತ್ರಕ್ಕೆ ಬ್ಯಾಟರಿ ಇರಬೇಕೆಂದಿಲ್ಲ. 2022ರಲ್ಲಿ ಬಂದ ಸ್ಯಾಮ್‌ಸಂಗ್ ಫ್ರೀಸ್ಟೈಲ್‌ನಲ್ಲಿ ಬ್ಯಾಟರಿಯಿಲ್ಲ. 400 ಐಎಸ್‌ಒ ಲ್ಯೂಮೆನ್‌ನ ಎಕ್ಸ್‌ಜಿಮಿ ಮೊಗೊ 2 ಪ್ರೊನಲ್ಲೂ ಇಲ್ಲ. ಆಂಕರ್ ನೆಬ್ಯುಲಾ ಕ್ಯಾಪ್ಸೂಲ್ 3ರಲ್ಲಿ ಇದೆ. ಅದು 200 ಆನ್ಸಿ ಲ್ಯೂಮೆನ್‌ನದು, ಕಂಪನಿ ಹೇಳುವುದು ಎರಡೂವರೆ ಗಂಟೆ. ನಮ್ಮ ಎಷ್ಟೋ ಸಿನಿಮಾಗಳ ಉದ್ದವೇ ಅಷ್ಟು, ಹಾಗಾಗಿ ಪೂರ್ತಿ ಚಾರ್ಜ್ ಮಾಡದೆ ಶುರು ಮಾಡಬೇಡಿ. ಬ್ಯಾಟರಿಯಲ್ಲಿ ಓಡುವಾಗ ಹಲವು ಮಾದರಿಗಳು ತಾವೇ ಬೆಳಕು ತಗ್ಗಿಸುತ್ತವೆ ಎಂಬುದೂ ನೆನಪಿರಲಿ.

ಬ್ಯಾಟರಿ ಇಲ್ಲದ್ದಕ್ಕೆ ಯುಎಸ್‌ಬಿ-ಸಿ ಇದ್ದರೆ ಪವರ್ ಬ್ಯಾಂಕ್ ಹಾಕಬಹುದು. ಆದರೆ ಫೋನಿಗೆ ಕೊಳ್ಳುವ 22.5 ವ್ಯಾಟ್‌ನದು ನಡೆಯದು. ಲೋಗೊ ಬರುತ್ತದೆ, ದೀಪ ಪೂರ್ತಿ ಹೊತ್ತಿಕೊಳ್ಳುವಷ್ಟರಲ್ಲಿ ಆಫ್ ಆಗುತ್ತದೆ. ಪವರ್ ಡೆಲಿವರಿ (ಯುಎಸ್‌ಬಿ-ಸಿಯಲ್ಲಿ ಹೆಚ್ಚು ವ್ಯಾಟ್ ಕೊಡುವ ಪದ್ಧತಿ) ಇರುವ, 20 ವೋಲ್ಟ್ 3.25 ಆಂಪಿಯರ್ ಕೊಡುವ 65 ವ್ಯಾಟ್‌ನದೇ ಬೇಕು, ಕೇಬಲ್ಲೂ ಅಷ್ಟನ್ನು ತಾಳುವಂಥದ್ದಾಗಿರಬೇಕು. 20,000 ಎಂಎಎಚ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಹೋಗಿ ಕೈಗೆ ಸಿಗುವುದು ಸುಮಾರು 60. 45 ವ್ಯಾಟ್ ಎಳೆಯುವ ಪ್ರೊಜೆಕ್ಟರ್ ಇದರಲ್ಲಿ ಓಡುವುದು ಒಂದು ಗಂಟೆ ಇಪ್ಪತ್ತು ನಿಮಿಷ, ಇಂಟರ್‌ವಲ್‌ವರೆಗೆ ಅನ್ನಿ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ದಾಟಿದರೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. 12 ವೋಲ್ಟ್‌ನ ಗುಂಡು ಪಿನ್ ಇರುವ ಅಗ್ಗದ ಮಾದರಿಗಳನ್ನು ಮನೆಗಷ್ಟೇ ಎಂದುಕೊಳ್ಳಿ.

ಫೋನಿನ ಸ್ಕ್ರೀನ್ ಮಿರರ್ ಮಾಡಿ ನೆಟ್‌ಫ್ಲಿಕ್ಸ್ ಹಾಕಿದರೆ ಧ್ವನಿ ಬರುತ್ತದೆ, ಚಿತ್ರ ಕಪ್ಪು. ಇದು ಪ್ರೊಜೆಕ್ಟರ್ ಕೆಟ್ಟದ್ದರಿಂದಲ್ಲ, ಕಾಪಿ ತಡೆಯುವ ರಕ್ಷಣೆಯಿಂದ. ಅಧಿಕೃತ ಗೂಗಲ್ ಟಿವಿ ಇಲ್ಲದ ಮಾದರಿಗೆ ಫೈರ್ ಟಿವಿ ಸ್ಟಿಕ್ ಚುಚ್ಚುವುದೇ ಸುಲಭದ ದಾರಿ. ಸ್ಟಿಕ್‌ಗೆ ಪ್ರೊಜೆಕ್ಟರ್‌ನ ಯುಎಸ್‌ಬಿಯಿಂದಲೇ ಕರೆಂಟ್ ಕೊಟ್ಟಾಗ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಆ ಪೋರ್ಟಿಗೆ ಅಷ್ಟು ಶಕ್ತಿಯಿಲ್ಲವೆಂದು ಅರ್ಥ, ಅದರದೇ ಅಡಾಪ್ಟರ್ ಹಾಕಿ. ಹೋಟೆಲ್ ವೈಫೈ ಲಾಗಿನ್ ಪುಟ ಕೇಳಿ ಸತಾಯಿಸಿದರೆ ಫೋನಿನ ಹಾಟ್‌ಸ್ಪಾಟ್ ಸಾಕು. ಕೊಡಗು, ಚಿಕ್ಕಮಗಳೂರಿನ ಒಳಗಿನ ಹೋಮ್‌ಸ್ಟೇಗಳಲ್ಲಿ ನೆಟ್‌ವರ್ಕೇ ಸಿಗದಿರಬಹುದು, ಪೆನ್‌ಡ್ರೈವ್ ಜೊತೆಗಿರಲಿ. ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ 4 ಜಿಬಿ ದಾಟಿದ ಫೈಲ್ ಕಾಪಿಯಾಗುವುದಿಲ್ಲ. ಚಿತ್ರ ಬಂದು ಸದ್ದು ಬರದಿದ್ದರೆ ಪ್ರೊಜೆಕ್ಟರ್‌ನಲ್ಲಿ ಡಾಲ್ಬಿ ಡಿಕೋಡರ್ ಇರಲಿಕ್ಕಿಲ್ಲ. ಮನೆಯಲ್ಲೇ ಒಮ್ಮೆ ಹಾಕಿ ನೋಡಿಕೊಂಡು ಹೊರಡಿ.

ಹಾಸಿಗೆ ಮೇಲಿಟ್ಟು ಓಡಿಸಬೇಡಿ, ತಳದ ಗಾಳಿಕಂಡಿ ಮುಚ್ಚಿ ಅರ್ಧ ಸಿನಿಮಾಕ್ಕೇ ಬಿಸಿಯಾಗಿ ನಿಲ್ಲುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲವಾದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಎಲ್‌ಸಿಡಿ ಮಾದರಿ ಕೊಳ್ಳುವುದಾದರೆ ಒಳಭಾಗ ಸೀಲ್ ಆಗಿರುವುದನ್ನೇ ಆರಿಸಿ. ತೆರೆದದ್ದರೊಳಗೆ ಫ್ಯಾನ್ ಎಳೆದ ಧೂಳು ಪ್ಯಾನಲ್ ಮೇಲೆ ಕೂತು ಚಿತ್ರದಲ್ಲಿ ಮಬ್ಬು ಚುಕ್ಕೆಗಳಾಗುತ್ತವೆ, ಬಿಚ್ಚದೆ ಅವು ಹೋಗುವುದಿಲ್ಲ.

ಮನೆಗೆ ಬಂದ ಮೇಲೆ, ರಿಟರ್ನ್ ಅವಧಿ ಮುಗಿಯುವ ಮುಂಚೆ, ಕತ್ತಲಲ್ಲಿ 80 ಇಂಚಿಗೆ ಹೊಂದಿಸಿ ಪರೀಕ್ಷಿಸಿ. ಮೊದಲು ಪೂರ್ತಿ ಬಿಳಿ ಚಿತ್ರ ಹಾಕಿ ಮೂಲೆಗಳು ಹಳದಿಯಾಗಿವೆಯೇ ನೋಡಿ. ಆಮೇಲೆ ಕರಿಯದು ಹಾಕಿ, ಸದ್ದು ನಿಲ್ಲಿಸಿ ಫ್ಯಾನಿನ ಶಬ್ದ ಕೇಳಿ. ನಂತರ ಲ್ಯಾಪ್‌ಟಾಪ್ ಜೋಡಿಸಿ, ಸಣ್ಣ ಅಕ್ಷರ ತುಂಬಿದ ಎಕ್ಸೆಲ್ ಹಾಳೆ ತೆರೆದು ನಡುವಿಗೆ ಫೋಕಸ್ ಮಾಡಿ ನಾಲ್ಕೂ ಮೂಲೆ ಓದಿ. ಎರಡು ಗಂಟೆ ಓಡಿಸಿ ಮತ್ತೆ ಓದಿ. ಬಿಸಿಗೆ ಫೋಕಸ್ ಸ್ವಲ್ಪ ಸರಿಯುವುದುಂಟು, ಮತ್ತೊಮ್ಮೆ ತಿರುಗಿಸಿದರೆ ಸರಿಹೋಗುತ್ತದೆ. ನಡು ಸ್ಪಷ್ಟವಿದ್ದು ನೇರವಾಗಿಟ್ಟಾಗಲೂ ಮೂಲೆ ಮಬ್ಬಾಗಿಯೇ ಉಳಿದರೆ ಅದು ಲೆನ್ಸಿನ ದೋಷ, ಯಾವ ಸೆಟ್ಟಿಂಗ್‌ನಿಂದಲೂ ಹೋಗುವುದಿಲ್ಲ. ಅವತ್ತೇ ವಾಪಸ್ ಕಳಿಸಿ.