ಸಿಯಾಟಲ್ ಮೊದಲು, ಪಿಟ್ಸ್‌ಬರ್ಗ್ ಕೊನೆ ಎನ್ನುತ್ತಿದ್ದ ಪ್ಲೈವುಡ್ ಸ್ಕೈಲೈನ್‌ಗಳ ಲೆಕ್ಕ ಕೊನೆಗೂ ಕುದುರಿತು

ಅಮೆರಿಕದ ಹನ್ನೆರಡು ನಗರಗಳ ಸ್ಕೈಲೈನ್‌ಗಳನ್ನು ಅಂದರೆ ಆಕಾಶದೆದುರು ಕಾಣುವ ಕಟ್ಟಡಗಳ ರೇಖೆಗಳನ್ನು 1:4000 ಅಳತೆಯಲ್ಲಿ ಲೇಸರಿನಿಂದ ಪ್ಲೈವುಡ್ಡಿನಲ್ಲಿ ಕತ್ತರಿಸಿ, ಒಂದರ ಪಕ್ಕ ಒಂದನ್ನು ನಿಲ್ಲಿಸಿ, ಯಾವುದು ಮೇಲು ಯಾವುದು ಕೆಳಗೆ ಎಂಬುದನ್ನು ಬಾಯಿಮಾತಿನಿಂದಲ್ಲದೆ ಲೆಕ್ಕದಿಂದ ಹೇಳಬೇಕೆಂಬ ನನ್ನ ಯೋಜನೆ ತಿಂಗಳುಗಟ್ಟಲೆ ಒಂದೇ ಕಡೆ ಸಿಕ್ಕಿಕೊಂಡಿತ್ತು. ಈ ವಾರ ಆ ಗಂಟು ಬಿಚ್ಚಿಕೊಂಡಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಆನ್‌ಲೈನ್ ನಕ್ಷೆಯಿಂದ ಕಟ್ಟಡಗಳ ಹೊರಗೆರೆ ಇಳಿಸಿಕೊಳ್ಳುವುದು, ಎತ್ತರ ನಮೂದಾಗದ ಕಡೆ ಮಹಡಿಗಳ ಸಂಖ್ಯೆಯಿಂದ ಅಂದಾಜು ಮಾಡುವುದು, ಕತ್ತರಿಸಬೇಕಾದ ರೇಖೆಗಳಿರುವ ಎಸ್‌ವಿಜಿ ಕಡತದಲ್ಲಿ ಲೇಸರ್ ತಿನ್ನುವ ಅಗಲವನ್ನು ಸರಿದೂಗಿಸುವುದು ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಇಲ್ಲಿ ವಿವರಿಸುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳಿಬಿಡುತ್ತೇನೆ: ನ್ಯೂಯಾರ್ಕ್ ನಗರಾಡಳಿತದ ಕಟ್ಟಡ ದತ್ತಾಂಶದಲ್ಲಿ ಎತ್ತರ ಇರುವುದು ಅಡಿಗಳಲ್ಲಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮೀಟರುಗಳಲ್ಲಿ, ಎರಡನ್ನೂ ಬೆರೆಸುವವರು ಮ್ಯಾನ್‌ಹಟನ್ನಿನ ಸಾಧಾರಣ ವಸತಿ ಕಟ್ಟಡವೊಂದು ಕ್ರೈಸ್ಲರ್ ಕಟ್ಟಡವನ್ನು ಮೀರಿ ನಿಲ್ಲುವ ದೃಶ್ಯಕ್ಕೆ ಸಿದ್ಧರಿರಬೇಕು.

ಎತ್ತರಗಳನ್ನು ಕೂಡಿಸಿ ಸ್ಥಾನ ಕೊಡುವ ಹಾದಿ ಬೇಗನೆ ಮುಗಿದುಹೋಯಿತು. 150 ಮೀಟರಿಗೆ ಮೇಲ್ಪಟ್ಟ ಕಟ್ಟಡಗಳನ್ನು ಎಣಿಸಿದರೆ ನ್ಯೂಯಾರ್ಕ್, ಷಿಕಾಗೊ, ಮಯಾಮಿ ಎಂಬ ಕ್ರಮ ತಾನಾಗಿ ಬರುತ್ತದೆ, ಅದಕ್ಕೆ ಪ್ಲೈವುಡ್ ಬೇಕಿಲ್ಲ, ಕಾಗದ ಸಾಕು. ಮಯಾಮಿಯ ತೀರವನ್ನು ಒಮ್ಮೆ ನೋಡಿದವರಿಗೆ ಆ ಮೂರನೆಯ ಸ್ಥಾನದ ಪೊಳ್ಳು ತಿಳಿಯುತ್ತದೆ: ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಅಲ್ಲಿ ಸುಮಾರು 320 ಮೀಟರಿಗಿಂತ ಮೇಲೆ ಕಟ್ಟಲು ಅನುಮತಿಯಿಲ್ಲ, ಕಟ್ಟಿರುವುದರಲ್ಲಿ ಬಹುಪಾಲು ಒಂದೇ ಅಚ್ಚಿನ ವಸತಿ ಗೋಪುರಗಳು, ಹಾಗಾಗಿ ಒಟ್ಟು ರೇಖೆ ಹಲ್ಲು ಮುರಿಯದ ಬಾಚಣಿಗೆಯಂತೆ ಕಾಣುತ್ತದೆ. ನನಗೆ ಬೇಕಾಗಿದ್ದು ರೇಖೆಯ ಏರಿಳಿತಕ್ಕೆ ಅಂಕ. ಅದಕ್ಕಾಗಿ ಒಂದು ಬಿಂದುವಿನಿಂದ ಕಾಣುವ ಹೊರಗೆರೆಯನ್ನು ತೆಗೆದು, ಅದರ ಏರಿಳಿತಗಳ ಮೊತ್ತವನ್ನು ನೋಟದ ಅಗಲದಿಂದ ಭಾಗಿಸಿ, ಒಂದೇ ಎತ್ತರ ಮತ್ತೆ ಮತ್ತೆ ಬಂದರೆ ಎರಡನೆಯದರಿಂದ ಅಂಕವನ್ನು ಅರ್ಧಕ್ಕಿಳಿಸುವ ಸೂತ್ರವನ್ನು ಬರೆದೆ. ಸೂತ್ರ ಚೆನ್ನಾಗಿಯೇ ಇತ್ತು. ತೊಡಕು ಇದ್ದದ್ದು "ಒಂದು ಬಿಂದುವಿನಿಂದ" ಎಂಬ ಎರಡು ಪದಗಳಲ್ಲಿ.

ಪ್ರತಿ ನಗರಕ್ಕೂ ಜನ ಮೆಚ್ಚಿದ ಒಂದು ವೀಕ್ಷಣಾ ಸ್ಥಳ ಇದ್ದೇ ಇರುತ್ತದೆ. ಅದನ್ನೇ ಬಿಂದುವಾಗಿ ಇಟ್ಟುಕೊಳ್ಳುವುದು ನ್ಯಾಯವೆಂದು ತೋರುತ್ತದೆ. ಹಾಗೆ ಇಟ್ಟುಕೊಂಡ ಕೂಡಲೇ ಸಿಯಾಟಲ್ ಎಲ್ಲರನ್ನೂ ತಳ್ಳಿಕೊಂಡು ಮೊದಲ ಸ್ಥಾನಕ್ಕೆ ಬಂದು ಕುಳಿತಿತು. ಕಾರಣ ಕ್ವೀನ್ ಆ್ಯನ್ ಗುಡ್ಡದ ಕೆರಿ ಪಾರ್ಕ್. 1962ರ ವಿಶ್ವಮೇಳಕ್ಕೆಂದು ಕಟ್ಟಿದ ಸ್ಪೇಸ್ ನೀಡಲ್‌ನ ಎತ್ತರ 184 ಮೀಟರ್. ನಗರದ ನಿಜವಾದ ಹಿರಿಯ ಕೊಲಂಬಿಯಾ ಸೆಂಟರ್ 284 ಮೀಟರ್. ಆದರೆ ಕೆರಿ ಪಾರ್ಕಿನಿಂದ ಸ್ಪೇಸ್ ನೀಡಲ್ ಸುಮಾರು 1.3 ಕಿಲೋಮೀಟರ್ ದೂರದಲ್ಲಿದ್ದರೆ ಕೊಲಂಬಿಯಾ ಸೆಂಟರ್ ಸುಮಾರು 3.5 ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ಗಿಡ್ಡನೆಯದು ಎತ್ತರದ್ದಕ್ಕಿಂತ ಒಂದೂವರೆ ಪಟ್ಟು ಮೇಲೆ ಚಾಚಿ, ಉಳಿದ ನಗರವೆಲ್ಲ ಅದರ ಪರಿವಾರದಂತೆ ಹಿಂದೆ ನಿಂತುಬಿಡುತ್ತದೆ. ಅಂಚೆ ಕಾರ್ಡುಗಳೆಲ್ಲ ಈ ಒಂದೇ ಮೂಲೆಯಿಂದ ಹುಟ್ಟಿದವು. ಅಂಚೆ ಕಾರ್ಡಿಗೆ ಅದು ಶೋಭಿಸುತ್ತದೆ, ಪಟ್ಟಿಗೆ ಶೋಭಿಸುವುದಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ, ಅದೇ ಸೂತ್ರ ಪಿಟ್ಸ್‌ಬರ್ಗ್ ನಗರವನ್ನು ತಳಕ್ಕೆ ಎಳೆದು ಹಾಕಿತು. ಮೌಂಟ್ ವಾಷಿಂಗ್ಟನ್ ಗುಡ್ಡದ ಗ್ರಾಂಡ್‌ವ್ಯೂ ಅವೆನ್ಯೂದಲ್ಲಿ ನಿಂತು, ಎರಡು ನದಿಗಳು ಕೂಡಿ ಒಹಾಯೊ ಆಗುವ ಮೂಲೆಯನ್ನೂ ಅದರ ಹಿಂದಿನ ಗೋಪುರಗಳನ್ನೂ ನೋಡಿದವರು ಅಮೆರಿಕದಲ್ಲಿ ಇದಕ್ಕಿಂತ ಒಳ್ಳೆಯ ನಗರನೋಟ ವಿರಳ ಎಂದೇ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ. ನನ್ನ ಪ್ರೋಗ್ರಾಮ್ ಮಾತ್ರ ಒಪ್ಪಲಿಲ್ಲ. ಗುಡ್ಡದ ಅಂಚು ನದಿಗಿಂತ ಸುಮಾರು 120 ಮೀಟರ್ ಮೇಲಿದೆ. ಪ್ರೋಗ್ರಾಮ್ ದಿಗಂತದಿಂದ ಮೇಲಕ್ಕೆ ಅಳೆಯುತ್ತಿದ್ದುದರಿಂದ 256 ಮೀಟರಿನ ಯು.ಎಸ್. ಸ್ಟೀಲ್ ಟವರ್‌ನ ಲೆಕ್ಕದಲ್ಲಿ ಅರ್ಧದಷ್ಟು ಮಾತ್ರ ಉಳಿಯುತ್ತಿತ್ತು, ಫಿಲಿಪ್ ಜಾನ್ಸನ್ ವಿನ್ಯಾಸದ ಪಿಪಿಜಿ ಪ್ಲೇಸ್‌ನ ಗಾಜಿನ ಶಿಖರಗಳು ದಿಗಂತದ ಮೇಲೆ ಇಣುಕಿ ನೋಡಿದರೆ ಹೆಚ್ಚು, ಚಿಕ್ಕ ಕಟ್ಟಡಗಳಂತೂ ಲೆಕ್ಕಕ್ಕೇ ಇಲ್ಲ. ನೋಡುವವನು ಮೇಲೆ ಹತ್ತಿದಷ್ಟೂ ನಗರ ಕಣ್ಣಿಗೆ ಹೆಚ್ಚು ಕಾಣುತ್ತದೆ, ಲೆಕ್ಕಕ್ಕೆ ಕಡಿಮೆ ಸಿಗುತ್ತದೆ. ಈ ವಿಚಿತ್ರವೇ ನನ್ನನ್ನು ಅಷ್ಟು ದಿನ ಕಟ್ಟಿ ಹಾಕಿದ್ದು.

ಒಂದು ನಗರಕ್ಕೆ ಒಂದು ತಿದ್ದುಪಡಿ, ಇನ್ನೊಂದಕ್ಕೆ ಇನ್ನೊಂದು ಎಂದು ತೇಪೆ ಹಚ್ಚುತ್ತ ಹೋದರೆ ಕೊನೆಗೆ ಉಳಿಯುವುದು ನನ್ನ ಇಷ್ಟಾನಿಷ್ಟಗಳ ಪಟ್ಟಿಯೇ. ಆದ್ದರಿಂದ ಎಲ್ಲ ನಗರಗಳಿಗೂ ಒಂದೇ ಆಗಿರುವ ಎರಡು ನಿಯಮಗಳನ್ನು ತಂದೆ. ಮೊದಲನೆಯದು, ದಿಗಂತವನ್ನು ಬಿಟ್ಟು ಕಟ್ಟಡದ ಬುಡದಿಂದ ತುದಿಯವರೆಗಿನ ಕೋನವನ್ನು ಅಳೆಯುವುದು. ಬುಡ ಮುಂದಿನ ಕಟ್ಟಡದ ಮರೆಯಲ್ಲಿದ್ದರೆ ನೆಲದ ಎತ್ತರವನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ದತ್ತಾಂಶದಿಂದ ತೆಗೆದುಕೊಳ್ಳುವುದು. ಇದರಿಂದ ಪಿಟ್ಸ್‌ಬರ್ಗ್ ತಲೆಯೆತ್ತಿತು. ಎರಡನೆಯದು, ಒಂದು ಬಿಂದುವಿನ ಬದಲು ನಗರದ ಸುತ್ತ ಬಿಂದುಗಳ ಒಂದು ಬಳೆಯನ್ನೇ ಹಾಕುವುದು. ಅತಿ ಎತ್ತರದ ಕಟ್ಟಡ ಕಣ್ಣಿಗೆ ಆರು ಡಿಗ್ರಿಯಷ್ಟು ಕಾಣುವ ದೂರವೇ ಬಳೆಯ ತ್ರಿಜ್ಯ. ಷಿಕಾಗೊಗೆ ಅದು ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಪಿಟ್ಸ್‌ಬರ್ಗ್‌ಗೆ ಎರಡೂವರೆಯ ಆಸುಪಾಸು. ಹೀಗೆ ಮಾಡಿದಾಗ ಗಾತ್ರದ ಜಗಳ ಹೊರಗುಳಿದು ಆಕಾರದ ಜಗಳ ಮಾತ್ರ ಉಳಿಯುತ್ತದೆ. ನೀರು, ಸೇತುವೆ, ಉದ್ಯಾನ, ಬೀದಿಗಳ ಮೇಲೆ ಬೀಳುವ ಬಿಂದುಗಳಷ್ಟೇ ಲೆಕ್ಕಕ್ಕೆ ಸೇರುತ್ತವೆ, ಪಕ್ಕದ ಗೋದಾಮಿನ ಗೋಡೆ ಬಿಟ್ಟು ಬೇರೇನೂ ಕಾಣದ ಬಿಂದುಗಳನ್ನು ಬಿಡುತ್ತೇನೆ. ಉಳಿದ ಅಂಕಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ನಗರದ ಅಂಕವೆಂದು ಬರೆದುಕೊಂಡು, ಆ ಅಂಕ ಕೊಟ್ಟ ಬಿಂದುವಿನ ನೋಟವನ್ನೇ ಹಲಗೆಗೂ ಕತ್ತರಿಸುತ್ತೇನೆ. ಸರಾಸರಿ ತೆಗೆದಿದ್ದರೆ ಕೆರಿ ಪಾರ್ಕಿನಂಥ ಒಂದು ಮೂಲೆ ಮತ್ತೆ ಇಡೀ ನಗರವನ್ನು ಮೇಲಕ್ಕೆತ್ತುತ್ತಿತ್ತು. ಈಗ ವೆಸ್ಟ್ ಸಿಯಾಟಲ್ ಕಡೆಯಿಂದ ನೋಡಿದಾಗ ಸ್ಪೇಸ್ ನೀಡಲ್ ಎಡಗಡೆ ಒಂಟಿಯಾಗಿ, ಕೊಲಂಬಿಯಾ ಸೆಂಟರ್ ತನ್ನ ನಿಜವಾದ ಹಿರಿತನದಲ್ಲಿ ನಿಲ್ಲುತ್ತವೆ.

ಇಷ್ಟಾದರೂ ನ್ಯೂಯಾರ್ಕ್ ಅನ್ಯಾಯವಾಗಿ ಗೆಲ್ಲುತ್ತಿತ್ತು. ಸೆಂಟ್ರಲ್ ಪಾರ್ಕಿನ ದಕ್ಷಿಣದಂಚಿನ ಸೂಜಿಗೋಪುರಗಳು ಒಂದೊಂದೂ ಎರಡು ಬಾರಿ, ಏರುವಾಗ ಒಮ್ಮೆ ಇಳಿಯುವಾಗ ಒಮ್ಮೆ, ಅಂಕ ಬಾಚಿಕೊಳ್ಳುತ್ತಿದ್ದವು; ಅವುಗಳ ಜೊತೆಗೆ ಕಟ್ಟಡಗಳ ತಲೆಯ ಮೇಲಿನ ಕಂಬಗಳಾದ ಮಾಸ್ತುಗಳು, ಆಂಟೆನಾಗಳು ಬೇರೆ. ಇದಕ್ಕೆ ಪರಿಹಾರ ಕೊಟ್ಟದ್ದು ಗಣಿತವಲ್ಲ, ಲೇಸರ್. ಒನ್ ವರ್ಲ್ಡ್ ಟ್ರೇಡ್ ಸೆಂಟರ್‌ನ ಎತ್ತರ 541 ಮೀಟರ್, ಅದರ ಛಾವಣಿ 417 ಮೀಟರಿಗೇ ನಿಲ್ಲುತ್ತದೆ. ನಡುವಿನ 124 ಮೀಟರ್ ಮಾಸ್ತು ನನ್ನ ಅಳತೆಯಲ್ಲಿ 31 ಮಿಲಿಮೀಟರ್ ಉದ್ದದ, ಕೂದಲಿಗಿಂತ ತುಸು ದಪ್ಪದ ಕಡ್ಡಿ. ಲೇಸರ್ ಎಡಬದಿಯಲ್ಲಿ ಮೇಲೆ ಹೋಗಿ ಬಲಬದಿಯಲ್ಲಿ ಇಳಿಯುವಷ್ಟರಲ್ಲಿ ಆ ಕಡ್ಡಿ ಕೆಂಪಗೆ ಮಿನುಗಿ, ಬೂದಿಯಾಗಿ, ಗಾಳಿಯ ಕೊಳವೆಯ ಊದಿಗೆ ಹಾರಿಹೋಗುತ್ತಿತ್ತು. 2013ರ ನವೆಂಬರಿನಲ್ಲಿ ಕೌನ್ಸಿಲ್ ಆನ್ ಟಾಲ್ ಬಿಲ್ಡಿಂಗ್ಸ್ ಅಂಡ್ ಅರ್ಬನ್ ಹ್ಯಾಬಿಟಾಟ್ ಎಂಬ, ಕಟ್ಟಡಗಳ ಎತ್ತರವನ್ನು ನಿರ್ಣಯಿಸುವ ಸಂಸ್ಥೆ ಆ ಮಾಸ್ತನ್ನು ಆಂಟೆನಾ ಅಲ್ಲ, ಎತ್ತರದ ಲೆಕ್ಕಕ್ಕೆ ಸೇರುವ ಶಿಖರ ಎಂದು ತೀರ್ಪಿತ್ತು, ಷಿಕಾಗೊದ ವಿಲ್ಲಿಸ್ ಟವರ್‌ನಿಂದ ದೇಶದ ಅತಿ ಎತ್ತರದ ಕಟ್ಟಡವೆಂಬ ಪಟ್ಟವನ್ನು ಕಿತ್ತುಕೊಂಡಿತು. ನನ್ನ ಪ್ಲೈವುಡ್ ಆ ತೀರ್ಪನ್ನು ಸುಟ್ಟು ಹಾಕಿದೆ. ಒಂದು ಮಿಲಿಮೀಟರಿಗಿಂತ, ಅಂದರೆ ನಿಜದಲ್ಲಿ ನಾಲ್ಕು ಮೀಟರಿಗಿಂತ ಕಿರಿದಾದದ್ದು ಹಲಗೆಯಲ್ಲಿ ಉಳಿಯುವುದಿಲ್ಲ, ಉಳಿಯದ್ದಕ್ಕೆ ಅಂಕವಿಲ್ಲ ಎಂದು ಈಗ ನಿಯಮ ಮಾಡಿದ್ದೇನೆ. ವಿಲ್ಲಿಸ್ ಟವರ್ ತನ್ನ ಆಂಟೆನಾಗಳನ್ನು ಕಳೆದುಕೊಂಡರೂ 442 ಮೀಟರಿನ ಛಾವಣಿಯೊಂದಿಗೆ ನಿಂತಿದೆ. ಕ್ರೈಸ್ಲರ್ ತುದಿಯ ಸೂಜಿಯನ್ನಷ್ಟೇ ಬಿಟ್ಟುಕೊಟ್ಟು ಕಿರೀಟವನ್ನು ಉಳಿಸಿಕೊಂಡಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಕಟ್ಟಡಗಳಿಗೆ ಮಾತ್ರ ಕಷ್ಟ.

ಸೂಜಿಗೋಪುರಗಳದ್ದು ಬೇರೆಯೇ ಕಥೆ. 111 ವೆಸ್ಟ್ 57ನೆಯ ಬೀದಿಯ ಗೋಪುರ 435 ಮೀಟರ್ ಎತ್ತರ, ಅಗಲ ಸುಮಾರು 18 ಮೀಟರ್, ಅನುಪಾತ 24ಕ್ಕೆ 1. ಹಲಗೆಯಲ್ಲಿ ಅದು ನಾಲ್ಕೂವರೆ ಮಿಲಿಮೀಟರ್ ಅಗಲದ ಪಟ್ಟಿ, ಸುಡುವುದಿಲ್ಲ, ಆದರೆ ಮುರಿಯುತ್ತದೆ. ಮೂರು ಪದರದ ಪ್ಲೈನಲ್ಲಿ ಹೊರಗಿನ ಎರಡೂ ಪದರಗಳ ನಾರು ಒಂದೇ ದಿಕ್ಕಿಗೆ ಇರುವುದರಿಂದ, 600ಕ್ಕೆ 300ರ ಹಾಳೆಯಲ್ಲಿ ನಾರು ಗಿಡ್ಡ ಬದಿಗೆ ಸಮಾನಾಂತರವಾಗಿರಬೇಕು ಎಂದು ದಪ್ಪ ಅಕ್ಷರಗಳಲ್ಲಿ ಬರೆದು ತರಿಸಿದ್ದೆ. ಬಂದ ಹಾಳೆಗಳಲ್ಲಿ ನಾರು ಉದ್ದಕ್ಕೇ ಇತ್ತು. ಕೇಳಿದರೆ ಪೂರೈಕೆದಾರರು ಪ್ಲೈವುಡ್ ಎಲ್ಲ ದಿಕ್ಕಿನಲ್ಲೂ ಸಮಾನವಾಗಿ ಗಟ್ಟಿ ಎಂದು ನನಗೇ ಪಾಠ ಹೇಳಿದರು. ಮೂರು ಮಿಲಿಮೀಟರ್ ಎಂದು ಮುದ್ರೆ ಒತ್ತಿದ ಆ ಹಾಳೆ ಒಂದು ಮೂಲೆಯಲ್ಲಿ 2.6, ಇನ್ನೊಂದರಲ್ಲಿ 3.2 ತೋರಿಸುತ್ತದೆ ಎಂಬುದಕ್ಕೆ ಉತ್ತರವೇ ಬರಲಿಲ್ಲ. ಹಾಳೆಯನ್ನು ಲೇಸರ್ ಮೇಜಿನಿಂದ ಎತ್ತುವಾಗ ಆ ಗೋಪುರ ಪ್ರತಿ ಸಲವೂ ಸುಮಾರು ಇಪ್ಪತ್ತನೆಯ ಮಹಡಿಯಲ್ಲಿ ಪಟ್ಟೆಂದು ಮುರಿಯುತ್ತದೆ. ನಾರು ಸರಿಯಿರುವ ಬರ್ಚ್ ಹಾಳೆಯನ್ನು ಈಗ ಇನ್ನೊಬ್ಬರಿಂದ ತರಿಸಿಕೊಳ್ಳುತ್ತಿದ್ದೇನೆ, ಬೆಲೆ ಒಂದೂವರೆ ಪಟ್ಟು.

ಇನ್ನು ಪಟ್ಟಿ. ಮೊದಲನೆಯದು ಷಿಕಾಗೊ, ಅದರಲ್ಲಿ ನನಗೀಗ ಅನುಮಾನವಿಲ್ಲ. ವಿಲ್ಲಿಸ್ ಟವರ್ ಮತ್ತು 344 ಮೀಟರಿನ, ಮೇಲಕ್ಕೆ ಹೋದಂತೆ ಸಪೂರವಾಗುವ, ಹಿಂದೆ ಜಾನ್ ಹ್ಯಾನ್‌ಕಾಕ್ ಸೆಂಟರ್ ಎನಿಸಿಕೊಂಡಿದ್ದ ಕಟ್ಟಡ ಇವೆರಡರ ಉತ್ತರ-ದಕ್ಷಿಣ ಅಂತರ ಸುಮಾರು 2.2 ಕಿಲೋಮೀಟರ್, ಮಿಷಿಗನ್ ಸರೋವರದಿಂದ ನೋಡಿದರೆ ಎರಡೂ 600 ಮಿಲಿಮೀಟರ್ ಹಾಳೆಯ ಎರಡು ತುದಿಗಳಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತವೆ, ನಡುವೆ ಏಯಾನ್ ಸೆಂಟರ್, ಟ್ರಂಪ್ ಟವರ್, ವಾಸ್ತುಶಿಲ್ಪಿ ಜೀನ್ ಗ್ಯಾಂಗ್ ಅವರ ಸೇಂಟ್ ರೀಜಿಸ್ ಬೇರೆ ಬೇರೆ ಎತ್ತರಗಳಲ್ಲಿ ಬರುತ್ತವೆ. ಎರಡೂ ತುದಿಯ ಕಟ್ಟಡಗಳ ರಚನೆ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಅವರದು. ವಿಲ್ಲಿಸ್ ಟವರಿನಲ್ಲಿ ಒಂಬತ್ತು ಚೌಕ ಕೊಳವೆಗಳನ್ನು ಕಟ್ಟಿನಂತೆ ಜೋಡಿಸಿ, ಅವುಗಳಲ್ಲಿ ಕೆಲಕೆಲವನ್ನು 50, 66, 90ನೆಯ ಮಹಡಿಗಳಲ್ಲಿ ನಿಲ್ಲಿಸುತ್ತ ಕೊನೆಗೆ ಎರಡನ್ನು ಮಾತ್ರ ಮೇಲಕ್ಕೆ ಬಿಟ್ಟ ಅವರ ಯೋಚನೆ ಗಾಳಿಯ ಒತ್ತಡಕ್ಕಾಗಿ ಹುಟ್ಟಿದ್ದಾದರೂ, ನನ್ನ ಸೂತ್ರಕ್ಕೆ ಒಂದೇ ಕಟ್ಟಡದೊಳಗೆ ನಾಲ್ಕು ಎತ್ತರಗಳನ್ನು ಒದಗಿಸುತ್ತದೆ.

ನ್ಯೂಯಾರ್ಕ್ ಎರಡನೆಯದಾಗಲು ಕಾರಣ ಅದರ ಹರವು. ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಒನ್ ವರ್ಲ್ಡ್ ಟ್ರೇಡ್‌ಗೂ ನಡುವೆ ನಾಲ್ಕೂವರೆ ಕಿಲೋಮೀಟರ್ ತಗ್ಗು, ಅದು ಒಂದೇ ಹಾಳೆಗೆ ಹಿಡಿಸುವುದಿಲ್ಲ. ಆ ತಗ್ಗಿನಲ್ಲಿ ಗಟ್ಟಿ ಬಂಡೆ ಆಳದಲ್ಲಿರುವುದರಿಂದ ಯಾರೂ ಎತ್ತರ ಕಟ್ಟಲಿಲ್ಲ ಎಂಬ ಹಳೆಯ ವಿವರಣೆಯನ್ನು ಅರ್ಥಶಾಸ್ತ್ರಜ್ಞ ಜೇಸನ್ ಬಾರ್ ಮತ್ತು ಜೊತೆಗಾರರು 2011ರಲ್ಲಿ ಅಂಕಿಅಂಶಗಳಿಂದ ಅಲುಗಾಡಿಸಿದ್ದಾರೆ. ಕಾರಣ ಬೇಡಿಕೆಯಲ್ಲಿತ್ತು, ಬಂಡೆಯಲ್ಲಲ್ಲ. ಹಾಗಾಗಿ ಮಿಡ್‌ಟೌನ್ ಒಂದು, ಡೌನ್‌ಟೌನ್ ಒಂದು ಎಂದು ಎರಡು ಬಳೆಗಳನ್ನು ಹಾಕಿ ಹೆಚ್ಚಿನ ಅಂಕವನ್ನು ತೆಗೆದುಕೊಂಡೆ. ಇದೇ ಸೌಲಭ್ಯವನ್ನು ಮೂರು ಗುಂಪಾಗಿ ಚದುರಿದ ಅಟ್ಲಾಂಟಾಕ್ಕೂ, 275 ಮೀಟರಿನ ವಿಲಿಯಮ್ಸ್ ಟವರನ್ನು ಡೌನ್‌ಟೌನ್‌ನಿಂದ ದೂರ ಒಂಟಿಯಾಗಿ ನಿಲ್ಲಿಸಿರುವ ಹ್ಯೂಸ್ಟನ್‌ಗೂ ಕೊಟ್ಟೆ, ಇಬ್ಬರಿಗೂ ಅದರಿಂದ ಹೆಚ್ಚು ಲಾಭವಾಗಲಿಲ್ಲ. ಮೂರನೆಯದು ಸಿಯಾಟಲ್, ನಾಲ್ಕನೆಯದು ಪಿಟ್ಸ್‌ಬರ್ಗ್. ಲಾಸ್ ಏಂಜಲೀಸ್ ಹಿಂದೆ ಬಿದ್ದದ್ದಕ್ಕೆ ಅಗ್ನಿಶಾಮಕ ನಿಯಮವೇ ಹೊಣೆ: 1974ರಿಂದ 2014ರವರೆಗೆ ಅಲ್ಲಿನ ಎತ್ತರದ ಕಟ್ಟಡಗಳ ತಲೆಯ ಮೇಲೆ ಹೆಲಿಕಾಪ್ಟರ್ ಇಳಿಯುವ ಜಾಗ ಕಡ್ಡಾಯವಾಗಿತ್ತು, ಆದ್ದರಿಂದ ಬಹುಪಾಲು ಚಪ್ಪಟೆ ತಲೆಯವು.

ಐದನೆಯದಾದ ಫಿಲಡೆಲ್ಫಿಯ ಕತ್ತರಿಸುತ್ತಿರುವಾಗಲೇ ಮುಂದಿನ ಕೆಲಸ ತಲೆಗೆ ಹೊಕ್ಕಿತು. ಸಿಟಿ ಹಾಲ್ ಮೇಲಿನ, ನಗರದ ಸ್ಥಾಪಕ ವಿಲಿಯಂ ಪೆನ್ ಪ್ರತಿಮೆಯ ಟೋಪಿಗಿಂತ, ಅಂದರೆ 167 ಮೀಟರಿಗಿಂತ ಮೇಲೆ ಯಾರೂ ಕಟ್ಟಬಾರದೆಂದು ಆ ನಗರದಲ್ಲಿ ಬರೆಯದ ಒಪ್ಪಂದವೊಂದಿತ್ತು. 1987ರಲ್ಲಿ 288 ಮೀಟರಿನ ಒನ್ ಲಿಬರ್ಟಿ ಪ್ಲೇಸ್ ಅದನ್ನು ಮುರಿಯಿತು. ಆಮೇಲೆ ನಗರದ ತಂಡಗಳು ಗೆಲ್ಲದೇ ಹೋದದ್ದಕ್ಕೆ ಪೆನ್ನನ ಶಾಪವೇ ಕಾರಣವೆಂದು ಅಭಿಮಾನಿಗಳು ನಂಬಿದರು. 2007ರಲ್ಲಿ ಕಾಮ್‌ಕ್ಯಾಸ್ಟ್ ಸೆಂಟರ್‌ನ ತುದಿಗೆ ಪೆನ್ನನ ಪುಟ್ಟ ಪ್ರತಿಮೆಯೊಂದನ್ನು ಅಂಟಿಸಿದರು, ಮರುವರ್ಷ ನಗರದ ಬೇಸ್‌ಬಾಲ್ ತಂಡ ಫಿಲೀಸ್ ವರ್ಲ್ಡ್ ಸೀರೀಸ್ ಗೆದ್ದಿತು. 1986ರ ರೇಖೆಯ ಒಂದು ಹಲಗೆ, ಅದರ ಹಿಂದಿನ ಗಾಡಿಯಲ್ಲಿ ಜಾರುವ ಇಂದಿನ ರೇಖೆಯ ಇನ್ನೊಂದು ಹಲಗೆ ಎಂದು ಯೋಜಿಸಿದ್ದೇನೆ. ತೊಡಕಿರುವುದು ಟೋಪಿಯಲ್ಲಿ. ಹನ್ನೊಂದು ಮೀಟರ್ ಎತ್ತರದ ಪ್ರತಿಮೆ 1:4000ರಲ್ಲಿ ಮೂರು ಮಿಲಿಮೀಟರಿಗಿಂತ ಗಿಡ್ಡ, ಒಂದಕ್ಕಿಂತ ಸಣಕಲು, ನನ್ನದೇ ನಿಯಮದ ಪ್ರಕಾರ ಬೂದಿಯ ಪಾಲು. ಅದಕ್ಕಾಗಿ ಈ ಜೋಡಿಯನ್ನು 1:1500ಕ್ಕೆ ಹಿಗ್ಗಿಸುತ್ತೇನೆ. ಆಗ ಪೆನ್ ಏಳೂವರೆ ಮಿಲಿಮೀಟರ್ ಆಗುತ್ತಾನೆ, 342 ಮೀಟರಿನ ಕಾಮ್‌ಕ್ಯಾಸ್ಟ್ ಟೆಕ್ನಾಲಜಿ ಸೆಂಟರ್ 228 ಮಿಲಿಮೀಟರ್ ಆಗಿ 300ರ ಹಾಳೆಯೊಳಗೇ ನಿಲ್ಲುತ್ತದೆ, ಪೀಠಕ್ಕೂ ಜಾರುಗಾಡಿಗೂ ಬೇಕಾದಷ್ಟು ಜಾಗ ಕೆಳಗೆ ಉಳಿಯುತ್ತದೆ.