ಅಕ್ಕನ ಅಂಗಡಿಗೆ ಎಕ್ಸ್‌ಎಫ್‌ಸಿಇ ಯಾಕೆ ಹಾಕಿದೆ

ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ದುಡಿಯುವವರ ಪರದೆಯನ್ನು ಹೇಳದೆ ಕೇಳದೆ ಬದಲಾಯಿಸಬಾರದು. ಚೆಂದ ಕಾಣುತ್ತದೆ ಅಂತಲೂ ಬದಲಾಯಿಸಬಾರದು, ಹೊಸ ಕಾಲ ಅಂತಲೂ ಬದಲಾಯಿಸಬಾರದು. ಡೆಸ್ಕ್‌ಟಾಪ್ ಅಂದರೆ ಪರದೆಯ ಮೇಲಿನ ಪಟ್ಟಿ, ಮೆನು, ವಿಂಡೋಗಳನ್ನು ನೋಡಿಕೊಳ್ಳುವ ತಂತ್ರಾಂಶ; ಎಕ್ಸ್‌ಎಫ್‌ಸಿಇ ಅಂಥದ್ದೊಂದು. ಅದನ್ನು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ರ‍್ಯಾಮ್ ಎಷ್ಟು ತಿನ್ನುತ್ತದೆ ಅನ್ನುವುದು ಆಮೇಲಿನ ಮಾತು.

ಮಂಡ್ಯದಲ್ಲಿ ಕೋರ್ಟಿನ ಹತ್ತಿರ ನಮ್ಮಕ್ಕನದೊಂದು ಟೈಪಿಂಗ್ ಅಂಗಡಿ ಇದೆ. ಅಫಿಡವಿಟ್ಟು, ಬಾಡಿಗೆ ಕರಾರು, ಪಹಣಿ ಪ್ರಿಂಟು, ತಾಲ್ಲೂಕು ಆಫೀಸಿನ ಅರ್ಜಿ ಎಲ್ಲಾ ಅಲ್ಲಿ ಆಗುತ್ತದೆ. ಕಂಪ್ಯೂಟರುಗಳು ಹಳೆಯವು, 4 ಜಿಬಿ ರ‍್ಯಾಮಿನವು. ಅವಕ್ಕೆ ಲಿನಕ್ಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಹಾಕಿಕೊಟ್ಟವನು ನಾನೇ, ಮೈಸೂರಿನಿಂದ ಹೋಗಿ ಬಂದು ನೋಡಿಕೊಳ್ಳುವವನೂ ನಾನೇ. ಒಂದು ಅಪ್‌ಗ್ರೇಡ್ ಆದ ಮೇಲೆ ಕೆಳಗಿದ್ದ ಪಟ್ಟಿ ಇಲ್ಲ, ಮೆನು ಇಲ್ಲ, ವಿಂಡೋ ಕೆಳಗಿಳಿಸುವ ಬಟನ್ನೂ ಇಲ್ಲ. ಬೆಳಗ್ಗೆ ಹತ್ತೂವರೆಗೆ, ವಕೀಲರ ಗುಮಾಸ್ತರು ಬಾಗಿಲಲ್ಲಿ ನಿಂತಿರುವ ಹೊತ್ತಿಗೆ, ಅಕ್ಕನ ಫೋನು: "ಲೋ, ಕೆಳಗಿದ್ದ ಪಟ್ಟಿ ಎಲ್ಲೋಯ್ತೋ? ಬಾಡಿಗೆ ಕರಾರು ತೆಗೆದಿಟ್ಟಿದ್ದೆ, ಈಗ ಅದೆಲ್ಲಿ ಹುಡುಕ್ಲಿ?" ಅವಳಿಗೆ ಏನು ಹೇಳುವುದು? ಮೂಲೆಗೆ ಮೌಸ್ ಒಯ್ಯಿ, ಎಲ್ಲಾ ವಿಂಡೋ ಹರಡಿಕೊಳ್ಳುತ್ತೆ, ಅದರಲ್ಲಿ ಹುಡುಕು ಅಂದೆ. ಹಾಗೆ ಹರಡಿಕೊಳ್ಳುವಾಗ ಆ ಹಳೇ ಗ್ರಾಫಿಕ್ಸ್ ತಡವರಿಸುತ್ತಿತ್ತು. ಅವಳ ಕೆಲಸ ಅರ್ಧಕ್ಕೆ ನಿಂತಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು.

ಈ ಗೋಳು ಹೊಸದೇನಲ್ಲ. 2011ರ ಏಪ್ರಿಲ್‌ನಲ್ಲಿ ಗ್ನೋಮ್ ಅನ್ನುವ ಲಿನಕ್ಸ್ ಡೆಸ್ಕ್‌ಟಾಪಿನ ಹೊಸ ರೂಪ ಗ್ನೋಮ್ 3 ಬಂತು, ಅದೇ ತಿಂಗಳು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ತನ್ನ 11.04 ಆವೃತ್ತಿಯಲ್ಲಿ ಯೂನಿಟಿ ಅನ್ನುವ ಹೊಸ ಪರದೆಯನ್ನು ಮುಂದಿಟ್ಟಿತು. ಗ್ನೋಮ್ 2ಕ್ಕೆ ಒಗ್ಗಿಕೊಂಡಿದ್ದವರೆಲ್ಲ ಒಂದೇ ಸಲ ದಾರಿ ತಪ್ಪಿದ ಹಾಗಾದರು. ಲಿನಕ್ಸ್ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3 ಅನ್ನು ಬಹಿರಂಗವಾಗಿ ಬೈದು ಎಕ್ಸ್‌ಎಫ್‌ಸಿಇಗೆ ಹೋದರು (ಆಮೇಲೆ ಗ್ನೋಮ್‌ಗೆ ವಾಪಸ್ ಬಂದರು, ಅದು ಬೇರೆ). ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಅರ್ಜೆಂಟೀನಾದ ಒಬ್ಬ ಬಳಕೆದಾರ ಮಾಟೆ ಅನ್ನುವ ಡೆಸ್ಕ್‌ಟಾಪ್ ಶುರುಮಾಡಿದ. ಲಿನಕ್ಸ್ ಮಿಂಟ್‌ನವರು ಸಿನಮನ್ ಅನ್ನುವ ಇನ್ನೊಂದನ್ನು ಕಟ್ಟಿದರು. ಜನ ಸುಮ್ನೆ ಗೊಣಗಿ ಬಿಡದೆ ಹೀಗೆ ತಮಗೆ ಬೇಕಾದ್ದನ್ನು ಕಟ್ಟಿಕೊಂಡರಲ್ಲ, ಅದಕ್ಕೇ ನನಗೆ ಈ ಲೋಕ ಇಷ್ಟ.

ಆಯ್ಕೆಗಳನ್ನೆಲ್ಲ ನೋಡಿದೆ. ಸಿನಮನ್ ಸೊಗಸಾಗಿದೆ, ಆದರೆ ಆ ಮಷೀನಿಗೆ ಭಾರ. ಎಲ್‌ಎಕ್ಸ್‌ಕ್ಯೂಟಿ ನಿಜಕ್ಕೂ ಹಗುರ, ಉಬುಂಟುವಿನ ಹಗುರ ರೂಪ ಲುಬುಂಟು 2018ರಲ್ಲಿ ಅದಕ್ಕೇ ಬದಲಾಯಿತು. ನಾನು ಒಬ್ಬನೇ ಬಳಸುವುದಾಗಿದ್ದರೆ ಅದನ್ನೇ ಹಾಕುತ್ತಿದ್ದೆನೋ ಏನೋ. ಮಾಟೆಗೂ ಎಕ್ಸ್‌ಎಫ್‌ಸಿಇಗೂ ಮಧ್ಯೆ ಆರಿಸುವುದೇ ಕಷ್ಟವಾಯಿತು. ಕೊನೆಗೆ ಎಕ್ಸ್‌ಎಫ್‌ಸಿಇ ಗೆದ್ದಿದ್ದು ಬದಲಾಗುವುದರಲ್ಲಿ ಅದು ತೋರುವ ನಿಧಾನಕ್ಕೆ. ಒಲಿವಿಯೆ ಫೂರ್ಡಾನ್ ಅದನ್ನು ಶುರುಮಾಡಿದ್ದು 1996ರಲ್ಲಿ. 4.12 ಆವೃತ್ತಿ ಬಂದಿದ್ದು 2015ರ ಫೆಬ್ರವರಿಯಲ್ಲಿ, ಅದರ ಮುಂದಿನ 4.14 ಬಂದಿದ್ದು 2019ರ ಆಗಸ್ಟ್‌ನಲ್ಲಿ. ಆ ನಾಲ್ಕೂವರೆ ವರ್ಷದಲ್ಲಿ ಒಳಗಡೆ, ಬಟನ್ ಮೆನುಗಳನ್ನು ಬಿಡಿಸುವ ಸಲಕರಣೆಯನ್ನೇ ಜಿಟಿಕೆ 2ರಿಂದ ಜಿಟಿಕೆ 3ಕ್ಕೆ ಸಾಗಿಸುವಷ್ಟು ದೊಡ್ಡ ಕೆಲಸ ಮಾಡಿ, ಮೇಲೆ ನೋಡಿದರೆ ಪ್ಯಾನೆಲ್, ಅಂದರೆ ಆ ಪಟ್ಟಿ, ಇದ್ದಲ್ಲೇ ಇತ್ತು. ಇದನ್ನು ಹಿಂದುಳಿದಿದೆ ಅನ್ನುವವರಿದ್ದಾರೆ. ನನಗಂತೂ ಅದು ಬಳಸುವವರಿಗೆ ಕೊಟ್ಟ ಮರ್ಯಾದೆ.

ಮಾಡಿದ್ದು ಇಷ್ಟೇ. ಎರಡು ಪ್ಯಾನೆಲ್‌ಗಳಲ್ಲಿ ಒಂದನ್ನು ತೆಗೆದು, ಉಳಿದದ್ದನ್ನು ಕೆಳಗೆ ಕೂರಿಸಿ ಲಾಕ್ ಮಾಡಿದೆ. ಲಾಕ್ ಆಗಿದ್ದರೆ ಮೌಸ್ ತಾಗಿ ಅದು ಎಲ್ಲೆಲ್ಲೋ ಹೋಗುವುದಿಲ್ಲ. ವಿಸ್ಕರ್ ಮೆನು ಹಾಕಿ ಬರವಣಿಗೆ, ಪ್ರಿಂಟರ್, ಬ್ರೌಸರ್ ಮೂರನ್ನು ಫೇವರಿಟ್ಸ್‌ಗೆ ಸೇರಿಸಿದೆ. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಂಪೋಸಿಟರ್ (ವಿಂಡೋಗಳಿಗೆ ನೆರಳು, ಪಾರದರ್ಶಕತೆ ಕೊಡುವ ಭಾಗ) ಆಫ್ ಮಾಡಿದ ತಕ್ಷಣ ಹಳೇ ಗ್ರಾಫಿಕ್ಸ್‌ಗೆ ಉಸಿರಾಡಲು ಜಾಗ ಸಿಕ್ಕಿತು. ಅಕ್ಕನ ಕಣ್ಣಿಗೆ ಅನುಕೂಲವಾಗಲಿ ಅಂತ ಫಾಂಟ್ ಡಿಪಿಐ 96ರಿಂದ 110ಕ್ಕೆ ಏರಿಸಿದೆ. ಪಕ್ಕದ ಕಂಪ್ಯೂಟರಿಗೂ ಇದೇ ಜೋಡಣೆ ಬೇಕಿತ್ತು, ಹೋಮ್‌ನಲ್ಲಿ ಅಡಗಿರುವ ಕಾನ್ಫಿಗ್ ಫೋಲ್ಡರಿನೊಳಗಿನ ಎಕ್ಸ್‌ಎಫ್‌ಸಿಇ4 ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿದರೆ ಮುಗಿಯಿತು. ಆದರೆ ಆ ಬಳಕೆದಾರರ ಖಾತೆ ಲಾಗ್‌ಔಟ್ ಆಗಿರುವಾಗ ಹಾಕಿ, ಇಲ್ಲದಿದ್ದರೆ ಓಡುತ್ತಿರುವ ಸೆಷನ್ನು ತನ್ನ ಹಳೇ ಸೆಟ್ಟಿಂಗನ್ನೇ ಅದರ ಮೇಲೆ ಬರೆದುಬಿಡುತ್ತದೆ.

ಇನ್ನು ಕನ್ನಡ. ನಮ್ಮಂಥ ಅಂಗಡಿಗೆ ನಿಜವಾದ ಪರೀಕ್ಷೆ ಇದು. ಅಕ್ಕನ ಬೆರಳು 'ನುಡಿ' ತಂತ್ರಾಂಶದಲ್ಲಿ ಪಳಗಿದ್ದು, ಅಂದರೆ ಕಗಪ ಕೀಲಿಮಣೆ. ಮಂಡ್ಯ ಅಂತ ಬರೆಯಲು ಎಮ್, ಶಿಫ್ಟ್ ಹಿಡಿದು ಎಮ್, ಡಬ್ಲ್ಯೂ, ಎಫ್, ವೈ. ಆ ಎಫ್ ಒತ್ತಿದಾಗ ಒತ್ತಕ್ಷರ ಬರದಿದ್ದರೆ ಉಳಿದದ್ದೆಲ್ಲ ವ್ಯರ್ಥ. ದೊಡ್ಡ ಡೆಸ್ಕ್‌ಟಾಪ್‌ಗಳಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ತಂತ್ರಾಂಶ ಮೊದಲೇ ಬೆಸೆದುಕೊಂಡಿರುತ್ತದೆ, ಎಕ್ಸ್‌ಎಫ್‌ಸಿಇಯಲ್ಲಿ ನಾವೇ ಬೆಸೆಯಬೇಕು. ಐಬಸ್ ಜೊತೆಗೆ ಕನ್ನಡ ಕೀಲಿಮಣೆಗಳಿರುವ ಅದರ ಎಮ್17ಎನ್ ಪ್ಯಾಕೇಜನ್ನೂ ಹಾಕಿ, ಡೆಬಿಯನ್, ಉಬುಂಟು ಬಳಗದಲ್ಲಾದರೆ ಐಎಮ್-ಕಾನ್ಫಿಗ್ ಓಡಿಸಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಒಳಗೆ ಬನ್ನಿ. ಈ ಹೆಜ್ಜೆ ಬಿಟ್ಟರೆ ಒಂದು ಅಪ್ಲಿಕೇಶನ್ನಿನಲ್ಲಿ ಕನ್ನಡ ಬಂದು ಇನ್ನೊಂದರಲ್ಲಿ ಬರೀ ಇಂಗ್ಲಿಷ್ ಬರಬಹುದು, ತಲೆ ಕೆಟ್ಟುಹೋಗುತ್ತದೆ. ಭಾಷೆ ಬದಲಿಸಲು ಕಂಟ್ರೋಲ್ ಸ್ಪೇಸ್ ಇಟ್ಟೆ. ಫಾಂಟಿಗೆ ಲೋಹಿತ್ ಇದೆ, ನೋಟೋ ಇದೆ, ನಮ್ಮವರೇ ಮಾಡಿದ ಗುಬ್ಬಿ, ನವಿಲು ಇವೆ. ಎಲ್ಲಾ ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ.

ಒಂದು ಮಾತು ಮಾತ್ರ ನೇರವಾಗಿ ಹೇಳಬೇಕು. ಹಗುರ ಡೆಸ್ಕ್‌ಟಾಪ್ ಹಾಕಿದ ಮಾತ್ರಕ್ಕೆ ಬ್ರೌಸರ್ ಹಗುರ ಆಗುವುದಿಲ್ಲ. ಸರ್ಕಾರಿ ಪೋರ್ಟಲ್ಲು, ವಾಟ್ಸಾಪ್ ವೆಬ್ಬು, ಮೇಲ್ ಎಲ್ಲಾ ತೆರೆದಿಟ್ಟರೆ 4 ಜಿಬಿ ಸಾಲದು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದೇ ಅಕ್ಕನ ಮಷೀನಿಗೆ ಜಾಸ್ತಿ ವೇಗ ಕೊಟ್ಟಿದ್ದು.

ಪರದೆಗೆ ಚಿತ್ರ ಮೂಡಿಸುವ ಹಳೇ ಎಕ್ಸ್11 ವ್ಯವಸ್ಥೆಯ ಜಾಗಕ್ಕೆ ಮುಂದೆ ವೇಲ್ಯಾಂಡ್ ಬರುತ್ತದೆ, ಆಗೇನು ಅಂತ ಕೇಳುವವರಿದ್ದಾರೆ. 2024ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20ರಲ್ಲಿ ವೇಲ್ಯಾಂಡ್‌ಗೆ ಪ್ರಾಯೋಗಿಕ ಬೆಂಬಲ ಶುರುವಾಗಿದೆ. ಅಂಗಡಿಯಲ್ಲಿ ಸದ್ಯಕ್ಕೆ ಎಕ್ಸ್11 ಸಾಕು.

ನೀವೂ ನೋಡಬೇಕೆಂದಿದ್ದರೆ ಇರುವ ಡೆಸ್ಕ್‌ಟಾಪ್ ತೆಗೆಯಬೇಡಿ. ಪಕ್ಕದಲ್ಲೇ ಎಕ್ಸ್‌ಎಫ್‌ಸಿಇ4 ಪ್ಯಾಕೇಜ್ ಹಾಕಿ, ಲಾಗಿನ್ ಪರದೆಯಲ್ಲಿ ಸೆಷನ್ ಬದಲಿಸಿ ಒಂದಷ್ಟು ದಿನ ಬಳಸಿ. ಕನ್ನಡ ಟೈಪಿಂಗ್‌ನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.